ಗುಲಗಂಜಿ ಹುಳು: ಒಂದೇ ಜಾತಿಯೊಳಗಿನ ಹಲವು ಬಗೆ

ಹಿಂದೆ ಅಕ್ಕಸಾಲಿಗರು ಚಿನ್ನ ತೂಗುವಾಗ ತಕ್ಕಡಿಗೆ ಗುಲಗಂಜಿ ಹಾಕುತ್ತಿದ್ದರು. ಒಂದು ಕಾಳಿಗೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚುಕಡಿಮೆ ಇರುವುದಿಲ್ಲ ಎಂಬ ನಂಬಿಕೆ ಅದರ ಹಿಂದಿತ್ತು. ಕೆಂಪು ಮೈ, ಮೇಲೊಂದು ಕಪ್ಪು ಬೊಟ್ಟು ಇರುವ ಆ ಕಾಳನ್ನು ಹೋಲುವುದರಿಂದಲೇ ಹೊಲದಲ್ಲಿ ಹೇನು ತಿನ್ನುವ ಪುಟ್ಟ ದುಂಬಿಗೆ ಕನ್ನಡದಲ್ಲಿ ಗುಲಗಂಜಿ ಹುಳು ಎಂಬ ಹೆಸರಿದೆ. ಬಣ್ಣಕ್ಕೆ ಹೆಸರು ಸರಿಹೊಂದುತ್ತದೆ. ಆದರೆ ಕಾಳಿನ ಏಕರೂಪತೆ ಹುಳುವಿಗಿಲ್ಲ. ಒಂದೇ ಜಾತಿಯ ಹುಳುಗಳು ಊರಿಂದ ಊರಿಗೆ ಬಣ್ಣದಲ್ಲಿ, ಬೆಳೆಯುವ ವೇಗದಲ್ಲಿ, ನಿದ್ರಿಸುವ ಕಾಲದಲ್ಲಿ, ವಿಷ ತಡೆಯುವ ಶಕ್ತಿಯಲ್ಲಿ, ಕಡೆಗೆ ಗಂಡು-ಹೆಣ್ಣುಗಳ ಪ್ರಮಾಣದಲ್ಲಿಯೂ ಬೇರೆಯಾಗುತ್ತವೆ. ಈ ಭೇದಗಳಲ್ಲಿ ಕೆಲವು ರಕ್ತಗತ, ಕೆಲವು ಹವೆಯ ಕೊಡುಗೆ, ಇನ್ನು ಕೆಲವು ಹುಳುವಿನ ಮೈಯೊಳಗೆ ಬೀಡುಬಿಟ್ಟ ಬ್ಯಾಕ್ಟೀರಿಯಾಗಳ ಕಿತಾಪತಿ.

ಗುಲಗಂಜಿ ಹುಳುಗಳ ಕುಟುಂಬಕ್ಕೆ ಕಾಕ್ಸಿನೆಲ್ಲಿಡೆ ಎಂದು ಹೆಸರು. ಜಗತ್ತಿನಲ್ಲಿ ಇದರ ಸುಮಾರು 6,000 ಜಾತಿಗಳನ್ನು ಗುರುತಿಸಲಾಗಿದೆ. ಬದನೆ, ಆಲೂಗಡ್ಡೆಯ ಎಲೆಗಳನ್ನು ಕೆರೆದು ಜರಡಿ ಮಾಡುವ ಎಪಿಲಾಕ್ನಾ ಗುಂಪಿನವು ಮತ್ತು ಬೂಜು ತಿಂದು ಬದುಕುವ ಕೆಲವನ್ನು ಬಿಟ್ಟರೆ ಉಳಿದವು ಬೇಟೆಗಾರ ಹುಳುಗಳು. ಸಸ್ಯಹೇನು, ಹಿಟ್ಟುತಿಗಣೆ, ಶಲ್ಕ ಕೀಟ, ಬಿಳಿನೊಣ ಮತ್ತು ನುಸಿಗಳು ಇವುಗಳ ಆಹಾರ. ತಾಯಿ ಹುಳು ಹೇನು ಕಟ್ಟಿದ ಕುಡಿಯ ಹತ್ತಿರ ಹಳದಿ ಮೊಟ್ಟೆಗಳನ್ನು ಗೊಂಚಲಾಗಿ ನಿಲ್ಲಿಸಿ ಇಡುತ್ತದೆ. ಮೊಟ್ಟೆಯೊಡೆದು ಬರುವ ಮರಿಹುಳು ತಾಯಿಯನ್ನು ಕಿಂಚಿತ್ತೂ ಹೋಲುವುದಿಲ್ಲ. ಉದ್ದ ಮೈಯ, ಕಪ್ಪು ಬಣ್ಣದ, ಸಣ್ಣ ಮೊಸಳೆಯಂಥ ಈ ಮರಿಯನ್ನು ಪೀಡೆಯೆಂದು ತಿಳಿದು ಔಷಧಿ ಹೊಡೆಯುವ ರೈತರೂ ಇದ್ದಾರೆ. ಅದು ನಾಲ್ಕು ಹಂತಗಳಲ್ಲಿ ಬೆಳೆದು, ಎಲೆಗೆ ಅಂಟಿಕೊಂಡು ಕೋಶವಾಗಿ, ನಂತರ ದುಂಬಿಯಾಗುತ್ತದೆ. ಕೋಶದಿಂದ ಹೊರಬಂದ ಕೂಡಲೇ ಗಟ್ಟಿ ರೆಕ್ಕೆಗಳು ಮೆತ್ತಗೆ, ಮಾಸಲು ಹಳದಿಯಾಗಿರುತ್ತವೆ. ಕಪ್ಪು ಚಿತ್ತಾರ ಮೂಡುವುದು ಆಮೇಲೆ, ಕೆಲವೇ ಗಂಟೆಗಳಲ್ಲಿ.

ಆ ಚಿತ್ತಾರವೇ ತಳಿವಿಜ್ಞಾನಿಗಳನ್ನು ಮೊದಲು ಸೆಳೆದದ್ದು.

ಕೀವ್ ನಗರದಲ್ಲಿ ಹುಡುಗನಾಗಿದ್ದಾಗಲೇ ಥಿಯೊಡೋಸಿಯಸ್ ಡೊಬ್ಜಾನ್‌ಸ್ಕಿಗೆ ಗುಲಗಂಜಿ ಹುಳು ಹಿಡಿಯುವ ಗೀಳು ಹತ್ತಿತ್ತು. 1918ರಲ್ಲಿ, ಇನ್ನೂ 18ರ ಹರೆಯದಲ್ಲಿ, ಅವರು ಪ್ರಕಟಿಸಿದ ಮೊದಲ ಪ್ರಬಂಧ ಆ ಸೀಮೆಯ ಹೊಸದೊಂದು ಗುಲಗಂಜಿ ಹುಳುವಿನ ಕುರಿತಾದದ್ದು. ಆಮೇಲೆ ಅವರ ಕಣ್ಣು ಬಿದ್ದದ್ದು ಏಷ್ಯಾದ ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಜಾತಿಯ ಮೇಲೆ. ಸೈಬೀರಿಯಾದಿಂದ ಚೀನಾ, ಕೊರಿಯಾ, ಜಪಾನ್‌ವರೆಗೆ ಹಬ್ಬಿರುವ ಈ ಹುಳುವಿನಲ್ಲಿ ಇನ್ನೂರಕ್ಕೂ ಹೆಚ್ಚು ಬಣ್ಣದ ಬಗೆಗಳನ್ನು ವಿದ್ವಾಂಸರು ವಿವರಿಸಿದ್ದಾರೆ. ಅವುಗಳಲ್ಲಿ ನಾಲ್ಕು ಮುಖ್ಯ: ಕೆಂಪು ಅಥವಾ ಕಿತ್ತಳೆ ಮೈಮೇಲೆ ಕಪ್ಪು ಚುಕ್ಕೆಗಳ ಸಕ್ಸೀನಿಯಾ, ಕಪ್ಪು ಮೈಯಲ್ಲಿ ಎರಡು ಕೆಂಪು ಬೊಟ್ಟಿನ ಕಾನ್‌ಸ್ಪಿಕ್ಯುವಾ, ನಾಲ್ಕು ಬೊಟ್ಟಿನ ಸ್ಪೆಕ್ಟಾಬಿಲಿಸ್, ಕಪ್ಪು ಮೈತುಂಬ ಕಿತ್ತಳೆ ಮಚ್ಚೆಗಳ ಆಕ್ಸಿರಿಡಿಸ್. ಡೊಬ್ಜಾನ್‌ಸ್ಕಿ 1924ರಲ್ಲಿ ತೋರಿಸಿಕೊಟ್ಟ ಸಂಗತಿ ಸರಳ, ಅದರ ಅರ್ಥ ಮಾತ್ರ ದೊಡ್ಡದು. ಪಶ್ಚಿಮದ ಅಲ್ಟಾಯ್ ಬೆಟ್ಟಗಳ ಕಡೆ ಸಿಗುವ ಹುಳುಗಳು ಹೆಚ್ಚುಕಡಿಮೆ ಎಲ್ಲವೂ ಆಕ್ಸಿರಿಡಿಸ್ ಬಗೆಯವು. ಪೂರ್ವಕ್ಕೆ ಸಾಗಿದಂತೆ ಅವು ವಿರಳವಾಗಿ, ಸಕ್ಸೀನಿಯಾ ಮತ್ತು ಉಳಿದ ಬಗೆಗಳು ಬೆರೆತು ಸಿಗುತ್ತವೆ. ಅಂದರೆ ಜಾತಿಯೆಂಬುದು ಒಂದೇ ಅಚ್ಚಿನ ಪ್ರತಿಗಳಲ್ಲ. ಪ್ರತಿ ನೆಲೆಯ ಗುಂಪಿಗೂ ತನ್ನದೇ ಆದ ಬೆರಕೆಯ ಲೆಕ್ಕವಿದೆ. 1927ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಹಣ್ಣುನೊಣಗಳ ಅಧ್ಯಯನದಿಂದ ಅವರು ಲೋಕಪ್ರಸಿದ್ಧರಾದರು. ಆದರೂ ವಿಕಾಸವನ್ನು ಗುಂಪುಗಳ ಲೆಕ್ಕದಲ್ಲಿ ನೋಡುವ ಅವರ ದೃಷ್ಟಿ ರೂಪುಗೊಂಡದ್ದು ಈ ಹುಳುಗಳ ರೆಕ್ಕೆಯ ಮೇಲೆಯೇ ಎನ್ನಬೇಕು.

ಅವರ ಚೀನೀ ಶಿಷ್ಯ ಟಾನ್ ಜಿಯಾಜೆನ್ ಅದೇ ಹುಳುವನ್ನು ಕೈಗೆತ್ತಿಕೊಂಡರು. ಜಪಾನಿನ ದಾಳಿಯಿಂದ ಝೆಜಿಯಾಂಗ್ ವಿಶ್ವವಿದ್ಯಾಲಯವೇ ಊರು ಬಿಟ್ಟು ಗೈಝೌ ಪ್ರಾಂತ್ಯದ ಮೇಯ್‌ಟಾನ್ ಎಂಬ ಚಿಕ್ಕ ಊರಿಗೆ ಬಂದಿದ್ದ ಕಾಲ ಅದು. ಅಲ್ಲಿನ ಬಡ ಸಲಕರಣೆಗಳ ನಡುವೆ ಟಾನ್ ಹುಳುಗಳನ್ನು ಕೂಡಿಸಿ, ಮರಿಗಳ ಬೆನ್ನು ನೋಡುತ್ತ ಕುಳಿತರು. 1946ರಲ್ಲಿ ಪ್ರಕಟವಾದ ಅವರ ಪ್ರಬಂಧ ಅನುವಂಶೀಯತೆಯ ಹೊಸ ಬಗೆಯೊಂದನ್ನು ಮುಂದಿಟ್ಟಿತು. ಮೆಂಡಲ್ ಕಂಡ ಬಟಾಣಿಯಲ್ಲಿ ಪ್ರಬಲ ಗುಣ ದುರ್ಬಲ ಗುಣವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಈ ಹುಳುವಿನಲ್ಲಿ ಹಾಗಲ್ಲ. ತಂದೆಯ ವಿನ್ಯಾಸದಲ್ಲಿ ಎಲ್ಲೆಲ್ಲಿ ಕಪ್ಪಿದೆಯೋ ಅಲ್ಲಿ ಕಪ್ಪು, ತಾಯಿಯ ವಿನ್ಯಾಸದಲ್ಲಿ ಎಲ್ಲೆಲ್ಲಿ ಕಪ್ಪಿದೆಯೋ ಅಲ್ಲೂ ಕಪ್ಪು. ಎರಡು ರಂಗೋಲಿ ಅಚ್ಚುಗಳನ್ನು ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಇಟ್ಟು ಪುಡಿ ಉದುರಿಸಿದರೆ ಎರಡರ ಗುರುತೂ ನೆಲದ ಮೇಲೆ ಉಳಿಯುತ್ತದಲ್ಲ, ಹಾಗೆ. ಟಾನ್ ಇದನ್ನು ಮೊಸಾಯಿಕ್ ಪ್ರಾಬಲ್ಯ ಎಂದು ಕರೆದರು.

ಆ ಅಚ್ಚು ಹುಳುವಿನ ಜೀನ್‌ಗಳಲ್ಲಿ ಎಲ್ಲಿದೆ ಎಂಬುದು ಗೊತ್ತಾಗಲು ಮತ್ತೆ ಎಪ್ಪತ್ತು ವರ್ಷಗಳೇ ಹಿಡಿದವು. 2018ರಲ್ಲಿ ಎರಡು ತಂಡಗಳು, ಒಂದು ಜಪಾನಿನದು, ಇನ್ನೊಂದು ಫ್ರಾನ್ಸ್ ಮುಂದಾಳತ್ವದ್ದು, ಪರಸ್ಪರ ಸ್ವತಂತ್ರವಾಗಿ ಒಂದೇ ಜೀನ್‌ಗೆ ಬಂದು ತಲುಪಿದವು. ಅದರ ಹೆಸರು ಪ್ಯಾನಿಯರ್. ಹಣ್ಣುನೊಣದ ಬೆಳವಣಿಗೆಯಲ್ಲಿ ಅದಾಗಲೇ ಪರಿಚಿತವಾಗಿದ್ದ ಜೀನ್ ಅದು. ಹುಳು ಕೋಶದಲ್ಲಿರುವಾಗ ರೆಕ್ಕೆಯ ಯಾವ ಭಾಗದಲ್ಲಿ ಪ್ಯಾನಿಯರ್ ಚುರುಕಾಗುತ್ತದೋ ಆ ಭಾಗ ಕಪ್ಪಾಗುತ್ತದೆ. ಬಣ್ಣದ ಬಗೆಗಳ ನಡುವಿನ ವ್ಯತ್ಯಾಸ ಇರುವುದು ಈ ಜೀನ್ ತಯಾರಿಸುವ ಪ್ರೋಟೀನಿನಲ್ಲಿ ಅಲ್ಲ. ಅದನ್ನು ಎಲ್ಲಿ, ಯಾವಾಗ ಚಾಲೂ ಮಾಡಬೇಕೆಂದು ಹೇಳುವ ನಿಯಂತ್ರಕ ಭಾಗದಲ್ಲಿ. ಅಲ್ಲಿನ ಡಿಎನ್‌ಎ ತುಣುಕುಗಳು ವಿಕಾಸದ ಹಾದಿಯಲ್ಲಿ ಮತ್ತೆ ಮತ್ತೆ ತಲೆಕೆಳಗಾಗಿ ಜೋಡಣೆಯಾಗಿರುವುದನ್ನು ಜಪಾನಿನ ತಂಡ ಕಂಡಿತು. ಹೀಗೆ ತಿರುವುಮುರುವಾದ ತುಣುಕುಗಳು ಒಂದಕ್ಕೊಂದು ಸಲೀಸಾಗಿ ಬೆರೆಯಲಾರವು. ಆದ್ದರಿಂದ ಪ್ರತಿಯೊಂದು ವಿನ್ಯಾಸವೂ ಕಲಸಿಹೋಗದೆ ತಲೆಮಾರಿನಿಂದ ತಲೆಮಾರಿಗೆ ಇಡಿಯಾಗಿ ದಾಟುತ್ತದೆ. ನೂರಾರು ಚಿತ್ತಾರಗಳ ಹಿಂದೆ ಒಂದೇ ಒಂದು ಜೀನ್‌ನ ಕೀಲಿ ಇರುವುದು ಜೀವಶಾಸ್ತ್ರದ ಸುಂದರ ಸಂಗತಿಗಳಲ್ಲಿ ಒಂದು.

ಹಾಗೆಂದು ಬಣ್ಣವೆಲ್ಲ ಜೀನ್‌ನದೇ ಲೆಕ್ಕವಲ್ಲ. ಕೋಶದ ಹಂತದಲ್ಲಿ ಚಳಿ ಸಿಕ್ಕರೆ ಸಕ್ಸೀನಿಯಾ ಹುಳುವಿನ ಚುಕ್ಕೆಗಳು ದೊಡ್ಡದಾಗುತ್ತವೆ, ಬಿಸಿ ಸಿಕ್ಕರೆ ಚಿಕ್ಕದಾಗುತ್ತವೆ. ಒಂದೇ ತಾಯಿಯ ಮರಿಗಳು ವಸಂತದಲ್ಲಿ ಒಂದು ರೀತಿ, ನಡುಬೇಸಿಗೆಯಲ್ಲಿ ಇನ್ನೊಂದು ರೀತಿ ಕಾಣುವುದು ಇದರಿಂದ. ಮೈಯ ಗಾತ್ರವೂ ಅಷ್ಟೇ: ಮರಿಯಾಗಿದ್ದಾಗ ಹೊಟ್ಟೆಗೆ ಸಾಲದ ಹುಳು ಗಿಡ್ಡವಾಗಿಯೇ ಉಳಿಯುತ್ತದೆ. ಎರಡು ಊರಿನ ಹುಳುಗಳು ಬೇರೆಯಾಗಿ ಕಂಡ ಮಾತ್ರಕ್ಕೆ ಅವುಗಳ ತಳಿ ಬೇರೆ ಎನ್ನುವಂತಿಲ್ಲ. ಎರಡನ್ನೂ ಒಂದೇ ಬಿಸಿಯಲ್ಲಿ, ಒಂದೇ ಆಹಾರ ಕೊಟ್ಟು ಸಾಕಿದ ಮೇಲೂ ಭೇದ ಉಳಿದರೆ ಮಾತ್ರ ಅದು ಹುಟ್ಟಿನಿಂದ ಬಂದದ್ದು.

ಯುರೋಪಿನಲ್ಲಿ ಇಂಥದೇ ಪಾತ್ರ ವಹಿಸಿದ್ದು ಅಡೇಲಿಯಾ ಬೈಪಂಕ್ಟೇಟಾ, ಎರಡು ಚುಕ್ಕೆಯ ಹುಳು. ಇದರಲ್ಲಿ ಕೆಂಪು ಮೈಯ ಬಗೆಯೂ ಉಂಟು, ಕಪ್ಪು ಮೈಯ ಬಗೆಗಳೂ ಉಂಟು. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ರಷ್ಯದ ವಿಜ್ಞಾನಿ ನಿಕೊಲಾಯ್ ಟಿಮೊಫೀಫ್-ರೆಸ್ಸೊವ್‌ಸ್ಕಿ ವರ್ಷಗಟ್ಟಲೆ ಇವುಗಳನ್ನು ಎಣಿಸಿ 1940ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಆವರ್ತನೆ ಕಾಣುತ್ತದೆ. ಚಳಿಗಾಲ ಮುಗಿದು ಹುಳುಗಳು ಹೊರಬಂದಾಗ ಕಪ್ಪು ಹುಳುಗಳ ಪ್ರಮಾಣ ಇಳಿದಿರುತ್ತದೆ. ಬೇಸಿಗೆಯಲ್ಲಿ ಸಂತಾನ ಬೆಳೆದು ಶರತ್ಕಾಲ ಬರುವ ಹೊತ್ತಿಗೆ ಅದು ಮತ್ತೆ ಏರಿರುತ್ತದೆ. ಚಳಿ ದಾಟುವುದರಲ್ಲಿ ಕೆಂಪು ಮೇಲು, ಸಂತಾನ ಬೆಳೆಸುವುದರಲ್ಲಿ ಕಪ್ಪು ಮೇಲು. ಹೀಗಾಗಿ ಒಂದು ಬಗೆ ಇನ್ನೊಂದನ್ನು ಪೂರ್ತಿ ಹೊರಹಾಕಲು ಆಗುವುದೇ ಇಲ್ಲ. ನಿಸರ್ಗದ ಆಯ್ಕೆ ನಡೆಯುವುದಕ್ಕೆ ಸಾವಿರಾರು ವರ್ಷ ಬೇಕು ಎಂದುಕೊಂಡಿದ್ದವರಿಗೆ ಒಂದೇ ವರ್ಷದೊಳಗೆ ಅದು ಆ ಕಡೆ ಈ ಕಡೆ ತೂಗುವುದನ್ನು ಈ ಎಣಿಕೆ ತೋರಿಸಿತು. ಮುಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಹೊಗೆ ನಿಯಂತ್ರಣದ ಕಾನೂನು ಬಂದು ಗಾಳಿ ತಿಳಿಯಾದ ಮೇಲೆ, ಕಪ್ಪು ಹುಳುಗಳು ಕಡಿಮೆಯಾದದ್ದನ್ನು ಅಲ್ಲಿನ ಸಂಶೋಧಕರು ದಾಖಲಿಸಿದರು.

ಕಪ್ಪು ಮೈ ಬಿಸಿಲನ್ನು ಬೇಗ ಹೀರುತ್ತದೆ. ಮೋಡ ಕವಿದ ತಂಪು ಸೀಮೆಯಲ್ಲಿ ಕಪ್ಪು ಹುಳು ಬೆಳಿಗ್ಗೆ ಬೇಗ ಚುರುಕಾಗಿ ಹೇನು ಹುಡುಕಲು, ಜೊತೆ ಹುಡುಕಲು ಹೊರಡುತ್ತದೆ. ನೆದರ್ಲೆಂಡ್ಸಿನಲ್ಲಿ ಪಾಲ್ ಬ್ರೇಕ್‌ಫೀಲ್ಡ್ 1980ರ ದಶಕದಲ್ಲಿ ಕಡಲಂಚಿನಿಂದ ಒಳನಾಡಿನವರೆಗೆ ಹುಳುಗಳನ್ನು ಎಣಿಸಿದರು. ಕರಾವಳಿಯಲ್ಲಿ ಕಪ್ಪು ಹುಳುಗಳು ಶೇ. 10ರ ಆಸುಪಾಸು, ಕೆಲವೇ ಹತ್ತು ಕಿಲೋಮೀಟರ್ ಒಳಗೆ ಹೋದರೆ ಶೇ. 60ರ ಹತ್ತಿರ. ಅಷ್ಟು ಚಿಕ್ಕ, ಚಪ್ಪಟೆ ನಾಡಿನಲ್ಲಿ ಅಷ್ಟು ಕಡಿದಾದ ಏರಿಕೆ! ಇಪ್ಪತ್ತೈದು ವರ್ಷಗಳಲ್ಲಿ ಈ ಏರಿಕೆ ಕರಗಿಹೋಯಿತು. 2004ರ ಎಣಿಕೆಯಲ್ಲಿ ಎಲ್ಲ ಕಡೆಯೂ ಕಪ್ಪು ಹುಳುಗಳು ಸುಮಾರು ಶೇ. 20ಕ್ಕೆ ಬಂದು ನಿಂತಿದ್ದವು. ವಾತಾವರಣ ಬೆಚ್ಚಗಾಗಿ ಕಪ್ಪು ಮೈಯ ಲಾಭ ತಗ್ಗಿದ್ದೇ ಇದಕ್ಕೆ ಕಾರಣವಿರಬೇಕು ಎಂಬುದು ಬ್ರೇಕ್‌ಫೀಲ್ಡ್ ಮತ್ತು ಅವರ ಜೊತೆಗಾರರ ವಿವರಣೆ. ಹವಾಮಾನ ಬದಲಾವಣೆಯ ಗುರುತನ್ನು ಹಿಮನದಿಗಳಲ್ಲಿ ಹುಡುಕುವವರು ಈ ಹುಳುವಿನ ಬೆನ್ನನ್ನೂ ನೋಡಬೇಕು.

ಎರಡು ಚುಕ್ಕೆಯ ಹುಳು ಇನ್ನೊಂದು ವಿಚಿತ್ರವನ್ನೂ ಬಯಲಿಗೆ ತಂದಿತು. ಕೆಲವು ತಾಯಂದಿರ ಮೊಟ್ಟೆಗಳಲ್ಲಿ ಸರಿಸುಮಾರು ಅರ್ಧ ಒಡೆಯುವುದೇ ಇಲ್ಲ, ಒಡೆದ ಮರಿಗಳೆಲ್ಲ ಬೆಳೆದು ಹೆಣ್ಣೇ ಆಗುತ್ತವೆ. ರಷ್ಯದ ತಳಿವಿಜ್ಞಾನಿ ಲೂಸ್ 1940ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಕಾರಣ ತಿಳಿದದ್ದು 1990ರ ದಶಕದಲ್ಲಿ. ತಾಯಿಯಿಂದ ಮೊಟ್ಟೆಗೆ ದಾಟುವ ಬ್ಯಾಕ್ಟೀರಿಯಾ ಗಂಡು ಭ್ರೂಣಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತದೆ. ಗಂಡಿನ ಮೂಲಕ ಅದು ಮುಂದಿನ ಪೀಳಿಗೆಗೆ ದಾಟಲಾರದು. ಹಾಗಾಗಿ ಗಂಡು ಸತ್ತರೆ ಅದಕ್ಕೆ ನಷ್ಟವಿಲ್ಲ, ಲಾಭವೇ ಇದೆ. ಸತ್ತ ಅಣ್ಣತಮ್ಮಂದಿರ ಮೊಟ್ಟೆಗಳು ಹುಟ್ಟಿದ ಅಕ್ಕತಂಗಿಯರ ಮೊದಲ ಊಟವಾಗುತ್ತವೆ. ಹೊಸದಾಗಿ ಹುಟ್ಟಿದ ಮರಿ ಮೊದಲ ಹೇನನ್ನು ಹಿಡಿಯುವ ಮುಂಚೆ ಹಸಿವಿನಿಂದ ಸಾಯುವುದೇ ಹೆಚ್ಚು. ಆ ಗಂಡಾಂತರವನ್ನು ದಾಟಲು ಈ ಒಂದು ತುತ್ತು ಸಾಕು. ಒಂದೇ ಜಾತಿಯ ಹುಳುವಿನಲ್ಲಿ ರಿಕೆಟ್ಸಿಯಾ, ಸ್ಪೈರೊಪ್ಲಾಸ್ಮಾ, ವೊಲ್ಬಾಕಿಯಾ ಎಂಬ ಮೂರು ಬೇರೆ ಬೇರೆ ಕುಲದ ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡುವುದು ಪತ್ತೆಯಾಗಿದೆ. ಎಲ್ಲಿ ಯಾವುದು, ಎಷ್ಟು ಹುಳುಗಳಲ್ಲಿ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆಯೊಂದು ಟೋಕಿಯೋದಿಂದ ಬಂದಿದೆ. ನಮ್ಮ ಅವರೆ, ಅಲಸಂದೆ, ನೆಲಗಡಲೆಯ ಕುಡಿಗಳಲ್ಲಿ ಕಪ್ಪು ಹೇನು ಕಟ್ಟಿದ ಕೂಡಲೇ ಹಾಜರಾಗುವ, ಹಳದಿ-ಕಿತ್ತಳೆ ಮೈಮೇಲೆ ಕಪ್ಪು ಅಂಕುಡೊಂಕು ಗೆರೆಗಳ ಹುಳುವಿನ ಹೆಸರು ಚೀಲೊಮೀನಿಸ್ ಸೆಕ್ಸ್‌ಮ್ಯಾಕ್ಯುಲೇಟಾ. ಅದು ಜಪಾನಿನವರೆಗೂ ಹಬ್ಬಿದೆ. ಕೇಂಬ್ರಿಜ್‌ನ ಮೈಕೆಲ್ ಮೆಜೆರಸ್ ಮತ್ತು ತಮ್ಸಿನ್ ಮೆಜೆರಸ್ ಟೋಕಿಯೋ ಸೀಮೆಯಿಂದ ತಂದ ಈ ಜಾತಿಯ ಹುಳುಗಳಲ್ಲಿ ಗಂಡುಕೊಲ್ಲುವ ಬ್ಯಾಕ್ಟೀರಿಯಾ ಇತ್ತು. ಅದರ ಜೊತೆಗೇ ಅದರ ಪೆಟ್ಟಿನಿಂದ ಗಂಡು ಮರಿಗಳನ್ನು ಉಳಿಸುವ ಹುಳುವಿನದೇ ಆದ ಪ್ರಬಲ ಜೀನ್ ಕೂಡ ಇತ್ತು. 2010ರಲ್ಲಿ ಪ್ರಕಟವಾದ ಈ ಶೋಧ ಮುಖ್ಯವಾದದ್ದು. ಯಾವ ಊರಿನ ಗುಂಪಿಗೆ ರೋಗ ಹಬ್ಬಿದೆಯೋ ಆ ಊರಿನಲ್ಲೇ ಅದಕ್ಕೆ ಎದುರು ನಿಲ್ಲುವ ಜೀನ್‌ಗೂ ಬೆಲೆ ಬರುತ್ತದೆ. ಎರಡರ ನಡುವಿನ ಹಗ್ಗಜಗ್ಗಾಟದ ಗೆಲುವು ಸೋಲು ಆ ಗುಂಪಿನ ಮೈಯಲ್ಲಿ ಬರೆದಿರುತ್ತದೆ.

ವರ್ಣತಂತುಗಳ ಎಣಿಕೆಯೂ ಎಲ್ಲ ಕಡೆ ಒಂದೇ ಎನ್ನುವಂತಿಲ್ಲ. ಶಲ್ಕ ಕೀಟಗಳನ್ನು ತಿನ್ನುವ ಕೈಲೊಕೋರಸ್ ಕುಲವನ್ನು ಕೆನಡಾದ ಎಸ್. ಜಿ. ಸ್ಮಿತ್ 1950 ಮತ್ತು 60ರ ದಶಕಗಳಲ್ಲಿ ವಿಸ್ತಾರವಾಗಿ ಪರಿಶೀಲಿಸಿದರು. ಒಂದು ವರ್ಣತಂತು ಇನ್ನೊಂದಕ್ಕೆ ಬೆಸೆದುಕೊಂಡು ಒಟ್ಟು ಸಂಖ್ಯೆ ಇಳಿಯುವುದನ್ನು ಅವರು ಅಲ್ಲಿ ಹಂತ ಹಂತವಾಗಿ ಕಂಡರು. ಕೈಲೊಕೋರಸ್ ಸ್ಟಿಗ್ಮಾ ಜಾತಿಯ ಕೆಲವು ಗುಂಪುಗಳಲ್ಲಿ ಬೆಸೆದ ತಂತುಗಳೂ ಬೆಸೆಯದವೂ ಒಟ್ಟಿಗೇ ಇವೆ. ಅದರ ಹತ್ತಿರದ ನೆಂಟರಲ್ಲಿ ಬೆಸುಗೆಗಳು ಖಾಯಂ ಆಗಿ, ಒಂದರಲ್ಲಿ ಸಂಖ್ಯೆ 20ಕ್ಕೆ, ಇನ್ನೊಂದರಲ್ಲಿ 14ಕ್ಕೆ ಇಳಿದಿದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ರೀತಿಯ ಮಿರುಗುವ ಕಪ್ಪು ಹುಳುಗಳು.

ಇಷ್ಟೆಲ್ಲ ಭೇದಗಳನ್ನು ಕೇಳಿದ ಮೇಲೆ ಪ್ರತಿ ಊರಿನ ಹುಳುವೂ ಒಂದೊಂದು ದ್ವೀಪ ಎನಿಸಬಹುದು. ಹಾಗಿಲ್ಲ. ಗುಲಗಂಜಿ ಹುಳು ಬಲವಾದ ಹಾರಾಟಗಾರ. ಹೇನು ಖಾಲಿಯಾದ ಹೊಲ ಬಿಟ್ಟು ಹೊರಟರೆ ಗಾಳಿ ಹಿಡಿದು ಬಹುದೂರ ಹೋಗುತ್ತದೆ. ಅಮೆರಿಕದ ಕ್ರಾಫ್ಸರ್ ಮತ್ತು ಓಬ್ರಿಕಿ 1990ರ ದಶಕದಲ್ಲಿ ಹಲವು ಜಾತಿಗಳ ಕಿಣ್ವಗಳನ್ನು ಹೋಲಿಸಿ ನೋಡಿದಾಗ, ನೂರಾರು ಕಿಲೋಮೀಟರ್ ದೂರದ ಗುಂಪುಗಳ ನಡುವೆಯೂ ಆನುವಂಶಿಕ ವ್ಯತ್ಯಾಸ ಅತ್ಯಲ್ಪವಾಗಿತ್ತು. ಅವರು ನೋಡಿದವುಗಳಲ್ಲಿ ಏಳು ಚುಕ್ಕೆಯ ಹುಳು, ಕಾಕ್ಸಿನೆಲ್ಲಾ ಸೆಪ್ಟೆಂಪಂಕ್ಟೇಟಾ, ಒಂದು. ಭಾರತವೂ ಸೇರಿದಂತೆ ಹಲವು ದೇಶಗಳಿಂದ ಅದನ್ನು ಅಮೆರಿಕಕ್ಕೆ ಒಯ್ದು ವರ್ಷಗಟ್ಟಲೆ ಬಿಟ್ಟರೂ ನೆಲೆಯೂರಿದ ಸುಳಿವಿರಲಿಲ್ಲ. 1973ರಲ್ಲಿ ನ್ಯೂಜೆರ್ಸಿಯ ಜೌಗು ಬಯಲೊಂದರಲ್ಲಿ ಅದು ತಾನಾಗಿ ಸಂಸಾರ ಹೂಡಿದ್ದು ಕಂಡುಬಂತು. ಅಲ್ಲಿಂದ ಅದು ಖಂಡವನ್ನೇ ವ್ಯಾಪಿಸಿತು. ಸದಾ ಬೆರೆಯುವ ಗುಂಪುಗಳ ನಡುವೆಯೂ ಬಣ್ಣದಂಥ ಗುಣಗಳು ಊರೂರಿಗೆ ಬೇರೆಯಾಗಿ ಉಳಿದಿವೆ ಎಂದರೆ ಅಲ್ಲಿ ನಿಸರ್ಗದ ಆಯ್ಕೆ ಎಷ್ಟು ಬಿಗಿಯಾಗಿ ಕೆಲಸ ಮಾಡುತ್ತಿರಬೇಕು ಎಂಬುದು ಗಮನಿಸಬೇಕಾದ ಅಂಶ.

ನಿದ್ರೆಯ ವಿಷಯದಲ್ಲಿ ಈ ಬಿಗಿ ಚೆನ್ನಾಗಿ ಕಾಣುತ್ತದೆ. ಮಧ್ಯ ಯುರೋಪಿನಲ್ಲಿ ಏಳು ಚುಕ್ಕೆಯ ಹುಳುಗಳಲ್ಲಿ ಬಹುಪಾಲು ಬೇಸಿಗೆಯಲ್ಲಿ ಒಂದೇ ಪೀಳಿಗೆ ಬೆಳೆದು ಸುಪ್ತಾವಸ್ಥೆಗೆ ಜಾರುತ್ತವೆ. ಒಂದು ಚಿಕ್ಕ ಪಾಲು ಮಾತ್ರ ಮಲಗದೆ ಅದೇ ಬೇಸಿಗೆಯಲ್ಲಿ ಮತ್ತೆ ಮೊಟ್ಟೆಯಿಡುತ್ತದೆ. ಈ ವಿಷಯದಲ್ಲಿ ಜೀವಮಾನವಿಡೀ ದುಡಿದ ಚೆಕ್ ವಿಜ್ಞಾನಿ ಇವೊ ಹೋಡೆಕ್, ಮಲಗದ ಹುಳುಗಳನ್ನೇ ಆರಿಸಿ ಕೆಲವು ಪೀಳಿಗೆ ಬೆಳೆಸಿದಾಗ ಮಲಗುವ ಗುಣವೇ ಕಡಿಮೆಯಾದದ್ದನ್ನು ತೋರಿಸಿದರು. ಜಪಾನಿನ ನಡುಭಾಗದಲ್ಲಿ ಇದೇ ಹುಳು ಬೇಸಿಗೆಯ ಬೇಗೆಗೆ ಮಲಗುತ್ತದೆ. ಉತ್ತರದ ಹೊಕ್ಕೈಡೊದಲ್ಲಿ ಚಳಿಗಾಲಕ್ಕೆ ಮಾತ್ರ. ಅಮೆರಿಕದ ಹಿಪ್ಪೊಡೇಮಿಯಾ ಕನ್ವರ್ಜೆನ್ಸ್‌ನ ಕ್ಯಾಲಿಫೋರ್ನಿಯಾದ ಗುಂಪುಗಳದು ಇನ್ನೂ ದೊಡ್ಡ ಸಾಹಸ. ಕಣಿವೆಯ ಹೊಲಗಳಲ್ಲಿ ಹೇನು ತೀರಿದಾಗ ಅವು ಸಿಯೆರಾ ನೆವಾಡಾ ಬೆಟ್ಟಗಳಿಗೆ ಹಾರಿ, ಬಂಡೆ ಮತ್ತು ತರಗೆಲೆಗಳ ನಡುವೆ ರಾಶಿ ರಾಶಿಯಾಗಿ ತಿಂಗಳುಗಟ್ಟಲೆ ಕಾಲ ಕಳೆದು, ವಸಂತಕ್ಕೆ ಮರಳುತ್ತವೆ. ನೂರು ವರ್ಷಕ್ಕೂ ಹಿಂದಿನಿಂದ ಜನ ಆ ರಾಶಿಗಳನ್ನು ಮೊರಗಟ್ಟಲೆ ಗೋರಿ, ಚೀಲ ತುಂಬಿ ತೋಟಗಾರರಿಗೆ ಮಾರುತ್ತ ಬಂದಿದ್ದಾರೆ. ಕೊಂಡವರು ಬಿಟ್ಟ ಕೂಡಲೇ ಹುಳುಗಳು ಹಾರಿಹೋಗುತ್ತವೆ. ಏಕೆಂದರೆ ನಿದ್ರೆಯಿಂದೆದ್ದ ಮೇಲೆ ದೂರ ಹಾರುವುದು ಆ ಗುಂಪಿನ ಹುಟ್ಟುಗುಣ. ಹಾರಿಹೋದವು ತಮ್ಮ ಮೈಯಲ್ಲಿ ಹೊತ್ತ ಪರೋಪಜೀವಿ ಕಣಜ ಮತ್ತು ರೋಗಾಣುಗಳನ್ನು ಬೇರೆ ಸೀಮೆಗೂ ಒಯ್ಯುತ್ತವೆ.

ಊಟದಲ್ಲೂ ಗುಂಪು ಗುಂಪಿಗೆ ರುಚಿ ಬೇರೆ. ಎರಡು ಚುಕ್ಕೆಯ ಹುಳುವಿಗೆ ಬೀನ್ಸಿನ ಕಪ್ಪು ಹೇನು ಅಷ್ಟೊಂದು ಒಗ್ಗದ ಆಹಾರ. ಅದನ್ನೇ ಕೊಟ್ಟು ಆರು ಪೀಳಿಗೆ ಸಾಕಿದ ಪ್ರಯೋಗದಲ್ಲಿ ಹುಳುಗಳು ಆ ಹೇನಿನ ಮೇಲೆ ಚೆನ್ನಾಗಿ ಬೆಳೆಯತೊಡಗಿದವು, ಆದರೆ ಬೇರೆ ಹೇನಿನ ಮೇಲೆ ಹಿಂದೆ ಬಿದ್ದವು. ಲಕ್ನೋ ವಿಶ್ವವಿದ್ಯಾಲಯದಲ್ಲಿ ಪ್ರೊ. ಓಂಕಾರ್ ಮತ್ತು ಅವರ ಬಳಗ ಉತ್ತರ ಭಾರತದ ಹುಳುಗಳ ಬಗ್ಗೆ ನಡೆಸಿದ ದೀರ್ಘ ಅಧ್ಯಯನಗಳಲ್ಲಿ ಇನ್ನೊಂದು ಒಳಭೇದ ಕಂಡಿದೆ. ಒಂದೇ ತಾಯಿ ಒಂದೇ ಗೊಂಚಲಲ್ಲಿ ಇಟ್ಟ ಮೊಟ್ಟೆಗಳಿಂದ ಬಂದ ಮರಿಗಳಲ್ಲಿ ಕೆಲವು ಸರಸರನೆ ಬೆಳೆದು ಮುಗಿಸುತ್ತವೆ, ಕೆಲವು ನಿಧಾನ ಮಾಡುತ್ತವೆ. ಹೇನಿನ ಕಾಟ ಎಷ್ಟು ದಿನ ಇರುತ್ತದೆಂದು ತಾಯಿಗೆ ಮುಂಚೆ ತಿಳಿಯದು. ಮಕ್ಕಳಲ್ಲಿ ಎರಡೂ ಬಗೆಯವು ಇದ್ದರೆ ಯಾವುದಾದರೂ ಒಂದು ಪಾಲು ಉಳಿಯುತ್ತದೆ. ನಮ್ಮ ಒಣಬೇಸಾಯದ ಹಳೆಯ ರೈತರು ಒಂದೇ ಹೊಲದಲ್ಲಿ ಬೇಗ ಮಾಗುವ ಬೆಳೆಯನ್ನೂ ತಡವಾಗಿ ಮಾಗುವ ಬೆಳೆಯನ್ನೂ ಬೆರೆಸಿ ಬಿತ್ತುತ್ತಿದ್ದ ಅಕ್ಕಡಿಯ ಲೆಕ್ಕಾಚಾರಕ್ಕೆ ಇದು ಬಹಳ ಹತ್ತಿರ.

ಈ ಭೇದಗಳ ತಿಳಿವಳಿಕೆ ರೈತನಿಗೇನು ಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಜೈವಿಕ ಕೀಟ ನಿಯಂತ್ರಣದ ಇತಿಹಾಸದಲ್ಲಿದೆ. 1888ರ ಕೊನೆಗೆ ಆಲ್ಬರ್ಟ್ ಕೋಬಲೆ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ರೊಡೋಲಿಯಾ ಕಾರ್ಡಿನಾಲಿಸ್ ಎಂಬ ಕೆಂಪು ಹುಳುಗಳನ್ನು ಕಳುಹಿಸತೊಡಗಿದರು. ಮೊದಲ ಮೂರು ಕಂತುಗಳಲ್ಲಿ ತಲುಪಿದ್ದು 129, ಒಟ್ಟು 514. ಲಾಸ್ ಏಂಜಲೀಸ್‌ನ ತೋಟವೊಂದರಲ್ಲಿ ಕಿತ್ತಳೆ ಗಿಡಕ್ಕೆ ಗುಡಾರ ಕಟ್ಟಿ ಅವುಗಳನ್ನು ಬಿಡಲಾಯಿತು. ಕಿತ್ತಳೆ ತೋಟಗಳನ್ನು ನೆಲಸಮ ಮಾಡುತ್ತಿದ್ದ ಐಸೀರಿಯಾ ಎಂಬ ಹತ್ತಿಯಂಥ ಶಲ್ಕ ಕೀಟ ಒಂದೆರಡು ವರ್ಷಗಳಲ್ಲಿ ಹತೋಟಿಗೆ ಬಂತು. 1920ರ ದಶಕದ ಕೊನೆಗೆ ಅದೇ ಕೀಟ ನೀಲಗಿರಿಯ ವ್ಯಾಟಲ್ ಮರಗಳಿಗೆ ಹತ್ತಿದಾಗ ಇದೇ ಹುಳುವನ್ನು ಅಲ್ಲಿಗೂ ತರಿಸಲಾಯಿತು. ಬೆರಳೆಣಿಕೆಯ ಮೂಲ ಹುಳುಗಳಿಂದ ಶುರುವಾದ ತಳಿ ದುರ್ಬಲವಾಗುತ್ತದೆ ಎಂಬ ನಿಯಮಕ್ಕೆ ರೊಡೋಲಿಯಾ ಒಂದು ದೊಡ್ಡ ಅಪವಾದ.

ಅಪವಾದವನ್ನೇ ನಿಯಮವೆಂದು ನಂಬುವುದು ಮಾತ್ರ ತಪ್ಪಾದೀತು. ದಕ್ಷಿಣ ಭಾರತಕ್ಕೆ ಹೆಚ್ಚು ಪರಿಚಿತವಾದ ಆಸ್ಟ್ರೇಲಿಯಾದ ಹುಳು ಕ್ರಿಪ್ಟೊಲೀಮಸ್ ಮಾಂಟ್ರೂಜಿಯರಿ. ಕಪ್ಪು ರೆಕ್ಕೆ, ಕಿತ್ತಳೆ ತಲೆ. ಮರಿಯ ಮೈತುಂಬ ಬಿಳಿ ಮೇಣದ ಎಳೆಗಳಿದ್ದು, ತಾನು ತಿನ್ನುವ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. 1898ರಲ್ಲಿ ಇದನ್ನು ಭಾರತಕ್ಕೆ ತಂದದ್ದು ಕಾಫಿಯ ಹಸಿರು ಶಲ್ಕ ಕೀಟವನ್ನು ಹದ್ದಿಗೆ ತರಲು. ಆ ಕೆಲಸದಲ್ಲಿ ಅದು ಸೋತಿತು; ಆದರೆ ಹಿಟ್ಟುತಿಗಣೆಗಳ ಮೇಲೆ ಬದುಕುತ್ತ ಇಲ್ಲಿ ನೆಲೆನಿಂತಿತು. ಕ್ಯಾಲಿಫೋರ್ನಿಯಾದ ಹೆಚ್ಚಿನ ಕಡೆ ಚಳಿ ತಾಳದೆ ಪ್ರತಿ ವರ್ಷ ಸಾಕಿ ಬಿಡಬೇಕಾದ ಈ ಹುಳುವಿಗೆ ನಮ್ಮ ಹವೆ ಒಗ್ಗಿತು. ಇಂದು ಕರ್ನಾಟಕದಲ್ಲಿ ಕಾಫಿ, ದ್ರಾಕ್ಷಿ, ಸೀಬೆ, ಸಪೋಟ ತೋಟಗಳಿಗೆ ಬಿಡುವ ಕ್ರಿಪ್ಟೊಲೀಮಸ್‌ ತಯಾರಾಗುವುದು ಸಿಹಿಗುಂಬಳಕಾಯಿಯ ಮೇಲೆ. ಕಾಯಿಗೆ ಹಿಟ್ಟುತಿ​ಗಣೆ ಹತ್ತಿಸಿ, ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ಹುಳು ಬಿಟ್ಟು ಬೆಳೆಸುವ ವಿಧಾನ ಇದು. ವಿಧಾನ ಸರಳ, ಅಗ್ಗ. ಆದರೆ ಪೆಟ್ಟಿಗೆಯ ನೆರಳಿನಲ್ಲಿ, ಕೈತುಂಬ ಊಟ ಸಿಗುವ ಕಡೆ ಹತ್ತಾರು ಪೀಳಿಗೆ ಕಳೆದ ಹುಳು ಕ್ರಮೇಣ ಪೆಟ್ಟಿಗೆಯ ಬದುಕಿಗೆ ತಕ್ಕ ಹುಳುವೇ ಆಗುವ ಅಪಾಯವಿದೆ. ಬಿಸಿಲು, ಮಳೆ, ಹುಡುಕಾಟದ ಕಷ್ಟ ಅದಕ್ಕೆ ಮರೆತುಹೋಗುತ್ತದೆ. ನೆಂಟರ ನಡುವೆಯೇ ಕೂಡಿಕೆಯಾಗಿ ಮೊಟ್ಟೆಗಳು ಒಡೆಯದೆ ಉಳಿಯುವುದೂ ಹೆಚ್ಚುತ್ತದೆ. ಆಗಾಗ ಹೊಲದ ಹುಳುಗಳನ್ನು ತಂದು ಸಾಕಣೆಯ ತಳಿಗೆ ಬೆರೆಸಬೇಕೆನ್ನುವುದು ಇದರಿಂದಲೇ.

ಇದೇ ನೆಂಟರ ಕೂಡಿಕೆ ಇನ್ನೊಂದು ಹುಳುವನ್ನು ಬಲಪಡಿಸಿದ ಕಥೆಯೂ ಇದೆ, ಅದು ಮತ್ತೆ ಹಾರ್ಮೋನಿಯಾದ್ದೇ. ಅಮೆರಿಕದಲ್ಲಿ 1916ರಿಂದ ಹಲವು ಬಾರಿ ಬಿಟ್ಟರೂ ನೆಲೆ ಕಾಣದ ಈ ಹುಳು 1988ರಲ್ಲಿ ಲೂಸಿಯಾನಾದಲ್ಲಿ ಬೇರು ಬಿಟ್ಟಿತು. ಮುಂದಿನ ವರ್ಷಗಳಲ್ಲಿ ಯುರೋಪ್, ದಕ್ಷಿಣ ಅಮೆರಿಕ, ದಕ್ಷಿಣ ಆಫ್ರಿಕಾಗಳಲ್ಲೂ ಅದು ಕಾಣಿಸಿಕೊಂಡಿತು. ಡಿಎನ್‌ಎ ಗುರುತುಗಳನ್ನು ಹಿಡಿದು ಹಿಂಬಾಲಿಸಿದ ಫ್ರೆಂಚ್ ಸಂಶೋಧಕರು 2010ರಲ್ಲಿ ತೋರಿಸಿದ್ದು ಇದು: ಬೇರೆ ಖಂಡಗಳಿಗೆ ಹೋದ ಹುಳುಗಳ ಮೂಲ ಏಷ್ಯಾ ಅಲ್ಲ, ಪೂರ್ವ ಅಮೆರಿಕದ ಆ ಹೊಸ ಗುಂಪು. ಯುರೋಪಿನಲ್ಲಿ ಅದು ಅಲ್ಲಿ ಕೀಟ ನಿಯಂತ್ರಣಕ್ಕೆಂದು ಸಾಕಿ ಬಿಟ್ಟಿದ್ದ ತಳಿಯೊಂದಿಗೂ ಬೆರೆಯಿತು. ಮರುವರ್ಷ ಅದೇ ಬಳಗ ಇನ್ನೊಂದು ಸಂಗತಿ ಕಂಡಿತು. ಏಷ್ಯಾದ ಮೂಲ ಗುಂಪಿನ ಹುಳುಗಳನ್ನು ಒಡಹುಟ್ಟುಗಳ ನಡುವೆ ಕೂಡಿಸಿದರೆ ಸಂತಾನ ಸೊರಗುತ್ತದೆ. ದಾಳಿಕೋರ ಗುಂಪಿನಲ್ಲಿ ಹಾಗಾಗುವುದಿಲ್ಲ. ಕೆಲವೇ ಹುಳುಗಳಿಂದ ಶುರುವಾದ ಇಕ್ಕಟ್ಟಿನಲ್ಲಿ ಕೆಟ್ಟ ಜೀನ್‌ಗಳು ಜರಡಿ ಹಿಡಿದಂತೆ ಹೊರಬಿದ್ದಿದ್ದವು. 2004ರಲ್ಲಿ ಬ್ರಿಟನ್ನಿಗೆ ಹಾರ್ಮೋನಿಯಾ ಬಂದ ಮೇಲಿನ ಐದು ವರ್ಷಗಳಲ್ಲಿ ಅಲ್ಲಿನ ಎರಡು ಚುಕ್ಕೆಯ ಹುಳುಗಳ ನೆಲೆಗಳು ಶೇ. 44ರಷ್ಟು ಕುಸಿದವು. ಡೊಬ್ಜಾನ್‌ಸ್ಕಿಯ ಹುಳು ಟಿಮೊಫೀಫ್-ರೆಸ್ಸೊವ್‌ಸ್ಕಿಯ ಹುಳುವನ್ನು ಅದರ ಮನೆಯಿಂದಲೇ ಹೊರದೂಡಿತು.

ಒಳಭೇದವನ್ನು ಅರಿತು ಬಳಸಿಕೊಂಡ ಉದಾಹರಣೆಗಳೂ ಇವೆ. ಹಾರ್ಮೋನಿಯಾ ಹಾರಿಹೋಗುವುದನ್ನು ತಡೆಯಲು ಫ್ರಾನ್ಸಿನ ಆಂಟಿಬ್‌ನಲ್ಲಿ ಹಾರಲಾರದ ತಳಿಯೊಂದನ್ನು ಆಯ್ದು ಬೆಳೆಸಲಾಯಿತು. ನೆದರ್ಲೆಂಡ್ಸಿನಲ್ಲಿ ಎರಡು ಚುಕ್ಕೆಯ ಹುಳುವಿನಲ್ಲಿ ಸಹಜವಾಗಿಯೇ ಕಾಣಿಸಿಕೊಳ್ಳುವ ರೆಕ್ಕೆಯಿಲ್ಲದ ಬಗೆಯನ್ನು ಸಾಕಿ, ಬೀದಿಬದಿಯ ಮರಗಳ ಹೇನಿಗೆ ಬಿಟ್ಟು ನೋಡಿದ್ದಾರೆ. ಬ್ರೆಜಿಲ್‌ನಲ್ಲಿ ಎರಿಯೊಪಿಸ್ ಕನೆಕ್ಸಾ ಎಂಬ ಹುಳುವಿನ ಕೆಲವು ಹೊಲದ ಗುಂಪುಗಳು ಲ್ಯಾಂಬ್ಡಾ-ಸೈಹಲೋಥ್ರಿನ್ ಕೀಟನಾಶಕ ತಾಳುವ ಶಕ್ತಿ ಗಳಿಸಿವೆ. ಆ ಗುಣ ಮಕ್ಕಳಿಗೂ ದಾಟುತ್ತದೆ. ಔಷಧಿ ಹೊಡೆದ ಮೇಲೂ ಬದುಕುಳಿದು ಹೇನು ತಿನ್ನುವ ಬೇಟೆಗಾರ ಸಿಕ್ಕಿದರೆ ಹತ್ತಿ ಬೆಳೆಗಾರನಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ. ಹೊಲದಲ್ಲಿ ಹೇನು ಹುಷಾರಾಗಿ ಉಳಿದು ಅದರ ಶತ್ರುವೇ ಸಾಯುವುದು ಈವರೆಗಿನ ರೂಢಿ.

ಭಾರತ ಉಪಖಂಡದಲ್ಲಿ ಸುಮಾರು 400 ಜಾತಿಯ ಗುಲಗಂಜಿ ಹುಳುಗಳಿವೆ. ಇವುಗಳ ಗುರುತು, ಸಂಗ್ರಹ ಮತ್ತು ಜೀವಂತ ತಳಿಗಳ ಪಾಲನೆಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ದೇಶಕ್ಕೇ ಕೇಂದ್ರ. ಜಾತಿಯ ಹೆಸರು ಗೊತ್ತಾದ ಮೇಲೆ ಊರಿನ ಹೆಸರೂ ಬೇಕು. ಬೀದರಿನ ತೊಗರಿ ಹೊಲದ ಚೀಲೊಮೀನಿಸ್ ಮತ್ತು ಕೊಡಗಿನ ಮಳೆಯಲ್ಲಿ ನೆನೆದ ಚೀಲೊಮೀನಿಸ್ ಎರಡೂ ಒಂದೇ ಕೆಲಸಕ್ಕೆ ಒದಗುತ್ತವೆ ಎಂದು ಮುಂಚೆಯೇ ತೀರ್ಮಾನಿಸುವುದು ಸರಿಯಲ್ಲ. ಹುಳು ಕೊಳ್ಳುವ ರೈತರು ಅದು ಯಾವ ಊರಿನ ಮೂಲದ್ದು, ಎಷ್ಟು ಪೀಳಿಗೆಯಿಂದ ಪೆಟ್ಟಿಗೆಯಲ್ಲಿದೆ ಎಂದು ಕೇಳಬೇಕು. ಹಳೇ ಮೈಸೂರು ಸೀಮೆಯಲ್ಲಿ ಮಾಗಿಯ ಚಳಿಗೆ ಅವರೆ ಹೂಬಿಟ್ಟು, ಎಳೆಕಾಯಿಗೆ ಹೇನು ಕಟ್ಟಿದಾಗ ಗುಲಗಂಜಿ ಹುಳುಗಳು ಸಾಲುಗಟ್ಟಿ ಬರುತ್ತವೆ. ಶಾಲೆಯ ಮಕ್ಕಳಿಗೆ, ಮೇಷ್ಟರಿಗೆ ಒಂದು ವಿನಂತಿ. ನೂರು ಹುಳುಗಳಲ್ಲಿ ಹಳದಿ ಎಷ್ಟು, ಕೆಂಪು ಎಷ್ಟು, ಕಪ್ಪು ಹೆಚ್ಚಿರುವವು ಎಷ್ಟು ಎಂದು ಎಣಿಸಿ, ಊರು ಮತ್ತು ತಾರೀಖಿನ ಜೊತೆ ಬರೆದಿಡಿ; ಮುಂದಿನ ವರ್ಷ ಅದೇ ಹೊಲದಲ್ಲಿ ಮತ್ತೆ ಎಣಿಸಿ.